ಕಿವಿಯ ಪಾಲು

ಚಿಕ್ಕೋಡಿ ಸೀಮೆಯಲ್ಲಿ ಎಲ್ಲದಕ್ಕೂ ಬರ ಬಂದು ಹೋಗಿದೆ, ಮಾತಿಗೆ ಮಾತ್ರ ಬಂದಿಲ್ಲ. ಅಥಣಿಯ ಮೂಡಣ ಹಳ್ಳಿಗಳಿಗೆ ಮಳೆ ಕೈಕೊಟ್ಟ ವರ್ಷಗಳುಂಟು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಊರೊಳಗೇ ಬಂದದ್ದೂ ಉಂಟು. ಬರದಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರಾಗಲಿ, ನೆರೆಯಲ್ಲಿ ಸಾಲಿ ಕೋಣೆಯ ಗಂಜಿ ಕೇಂದ್ರ ಸೇರಿದವರಾಗಲಿ ಮಾತು ನಿಲ್ಲಿಸಿದ್ದನ್ನು ಕಂಡವರಿಲ್ಲ. ಕನ್ನಡ ಮುಗಿದರೆ ಮರಾಠಿ, ಮರಾಠಿ ಮುಗಿದರೆ ಉರ್ದು. ಬೈಗುಳಕ್ಕಂತೂ ಮೂರೂ ಕೂಡಿಯೇ ಬರುತ್ತವೆ. ನಿಪ್ಪಾಣಿಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಊರು ಮುಟ್ಟುತ್ತದೆ. ನಡುವೆ ಯಾರೂ ಟಿಕೀಟು ಕೇಳುವುದಿಲ್ಲ.

ಇಂಥ ಸೀಮೆಗೆ ಮಾತಿನ ಬಗ್ಗೆ ಬುದ್ಧಿ ಹೇಳಿದವರೂ ಕಡಿಮೆಯಲ್ಲ. ದಿಗಂಬರ ಜೈನರ ಮೂವರು ದೊಡ್ಡ ಆಚಾರ್ಯರು ಇಲ್ಲಿನವರೇ: ಭೋಜದ ಶಾಂತಿಸಾಗರರು, 1925ರಲ್ಲಿ ಶೇಡಬಾಳದಲ್ಲಿ ಹುಟ್ಟಿದ ವಿದ್ಯಾನಂದರು, 1946ರಲ್ಲಿ ಸದಲಗಾದಲ್ಲಿ ಹುಟ್ಟಿದ ವಿದ್ಯಾಸಾಗರರು. ಜೈನ ಮುನಿಗೆ ನೆಲ ನೋಡಿ ಹೆಜ್ಜೆ ಇಡುವುದು ಎಷ್ಟು ಮುಖ್ಯವೋ ತೂಗಿ ಮಾತಾಡುವುದೂ ಅಷ್ಟೇ ಮುಖ್ಯ. ಭಾಷಾ ಸಮಿತಿ, ವಚನಗುಪ್ತಿ ಎಂದು ಅದಕ್ಕೆ ಬೇರೆ ಬೇರೆ ಕಟ್ಟುಪಾಡುಗಳೇ ಇವೆ. ಕನ್ನಡ ಆಡುತ್ತ ಬೆಳೆದ ವಿದ್ಯಾಸಾಗರರು ಮುಂದೆ ಹಿಂದಿಯಲ್ಲಿ ಮಹಾಕಾವ್ಯ ಬರೆದು ಅದಕ್ಕೆ ‘ಮೂಕಮಾಟಿ’, ಅಂದರೆ ಮೂಕ ಮಣ್ಣು ಎಂದು ಹೆಸರಿಟ್ಟರು. ಸದಲಗಾದ ಸಂತೆಯ ಗದ್ದಲ ಕೇಳಿದ ಯಾರಿಗಾದರೂ ಮೂಕ ವಸ್ತುಗಳ ಮೇಲೆ ಪ್ರೀತಿ ಹುಟ್ಟುವುದು ಸಹಜ ಎಂದು ನನಗೆ ಅನ್ನಿಸುತ್ತದೆ. ಪಂಡಿತರು ಇದನ್ನು ಒಪ್ಪಲಾರರು. ಇತ್ತ ಅಥಣಿಯಲ್ಲಿ ಗಚ್ಚಿನ ಮಠದ ಮುರುಘೇಂದ್ರ ಶಿವಯೋಗಿಗಳ ನೆನಪು ಇನ್ನೂ ಹಸಿಯಾಗಿದೆ. ನುಡಿಯ ಬಗ್ಗೆ ಬಸವಣ್ಣನವರು ಆಡಿದ ವಚನವನ್ನು ಬಣ್ಣದಲ್ಲಿ ಬರೆಸದ ಸಾಲಿ ಗೋಡೆ ನಮ್ಮ ಕಡೆ ಅಪರೂಪ. ಆ ಗೋಡೆಯ ನೆರಳಿಗೇ ಕೂತು ನಾವು ಊರವರ ಜಾತಕ ಬಿಚ್ಚುತ್ತೇವೆ.

ಮನೆಯ ಹಿರಿಯರ ಮಾತು ಕಿವಿಗೆ ಬೀಳದಷ್ಟು ರೂಢಿಯಾದಾಗ ಪರಊರಿನ ಬೀಗರು ಬಂದು ಅದನ್ನೇ ಹೇಳಿದರೆ ಹುಡುಗರು ತಲೆಯಾಡಿಸುತ್ತಾರಲ್ಲ, ನನಗೆ ಹಾಗೆ ಸಿಕ್ಕ ಪುಸ್ತಕ ಬೈಬಲಿನ ‘ಜ್ಞಾನೋಕ್ತಿಗಳು’. ಅದು ಸಿಕ್ಕಿದ್ದು ಚರ್ಚಿನಲ್ಲಿ ಅಲ್ಲ, ಮಿರಜಿನಲ್ಲಿ. ಕಾಗವಾಡ ದಾಟಿದರೆ ಮಹಾರಾಷ್ಟ್ರ, ಮಹಾರಾಷ್ಟ್ರ ಹೊಕ್ಕರೆ ಮಿರಜ. ಅಥಣಿ, ರಾಯಬಾಗ, ಕಾಗವಾಡದ ಮೂರು ನಾಲ್ಕು ತಲೆಮಾರಿಗೆ ದೊಡ್ಡ ಬ್ಯಾನಿ ಎಂದರೆ ಮಿರಜಿನ ಹಾದಿ. ಕೆನಡಾದ ಡಾಕ್ಟರ್ ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಮಿಷನ್ ದವಾಖಾನೆ ತೆರೆದ ಮೇಲೆ ಬಿದ್ದ ಹಾದಿ ಅದು. ನಮ್ಮ ಕಾಕಾನ ಮೊಳಕಾಲು ತೋರಿಸಲು ಆ ಊರಿಗೆ ಹೋಗಿ ಪಾಳಿ ಕಾಯುತ್ತಿದ್ದೆವು. ಡಾಕ್ಟರರ ಬಾಗಿಲ ಮುಂದಿನ ಬಾಕಿನ ಮೇಲೆ ನಡೆಯುವಷ್ಟು ಮಾತು ವಿಧಾನಸಭೆಯಲ್ಲೂ ನಡೆಯಲಿಕ್ಕಿಲ್ಲ. ಒಬ್ಬರು ತಮ್ಮ ಮೂತ್ರಪಿಂಡದ ಹರಳು ಕಡಲೆ ಕಾಳಿನಷ್ಟಿತ್ತು ಎಂದರು. ಆಚೆ ಕೂತವರಿಗೆ ಅದು ಸಹನವಾಗಲಿಲ್ಲ. ತಮ್ಮದು ಬಾರೀಕಾಯಿಯಷ್ಟು ಎಂದರು. ಕಾಕಾ ಮೊಳಕಾಲು ನೀವಿಕೊಳ್ಳುತ್ತ, “ಹರಳ ಬ್ಯಾರೆ, ಎಲಬ ಬ್ಯಾರೆ” ಎಂದು ಇಬ್ಬರನ್ನೂ ಕೆಳಗಿಳಿಸಿದ. ಈ ಪೈಪೋಟಿಗೆ ಇಳಿಯದೆ ಬದಿಗೆ ಕೂತಿದ್ದ ಒಬ್ಬ ವೃದ್ಧರು ಓದುತ್ತಿದ್ದ ಪುಟ್ಟ ಪುಸ್ತಕವನ್ನು, ನಾನು ಇಣುಕುವುದನ್ನು ಕಂಡು, “ತಗೋರಿ, ನಂದು ಓದಾಗೇದ” ಎಂದು ನನ್ನ ಕೈಗಿಟ್ಟರು. ಪಾಳಿ ಬರುವಷ್ಟರಲ್ಲಿ ಅರ್ಧ ಮುಗಿದಿತ್ತು.

ಕನ್ನಡಕ್ಕೆ ಈ ಪುಸ್ತಕ ಹೊಸದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತ. 1831ರ ಹೊತ್ತಿಗೆ ಬೈಬಲ್ ಇಡಿಯಾಗಿ ಕನ್ನಡಕ್ಕೆ ಬಂದಿತ್ತು. ಅದೇ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲೇ ಬೆಳಗಾವಿಗೆ ಬಂದು ನೆಲೆಸಿದ್ದ. ಇಷ್ಟು ವರ್ಷ ಕೈಯಳತೆಯಲ್ಲಿದ್ದ ಪುಸ್ತಕ ನನಗೆ ಮೊಳಕಾಲಿನ ನೆಪದಲ್ಲಿ ದಕ್ಕಿತು.

ಧರ್ಮಗ್ರಂಥ ಎಂದ ಮೇಲೆ ಸ್ವರ್ಗ ನರಕ ಇರುತ್ತವೆ ಎಂದುಕೊಂಡು ತೆರೆದರೆ ಅಲ್ಲಿ ಇದ್ದದ್ದು ಪೇಟೆ. ಕಳ್ಳ ತಕ್ಕಡಿ, ಸುಳ್ಳು ಸಾಕ್ಷಿ, ಜಾಮೀನು, ಕುಡುಕ, ಜಗಳಗಂಟಿ ಹೆಂಡತಿ (ಜಗಳಗಂಟ ಗಂಡನಿಗೂ ಒಂದು ಸಾಲು ಸಿಕ್ಕಿದೆ, ಆದರೆ ಹೆಂಡತಿಗೆ ಸಿಕ್ಕಷ್ಟಿಲ್ಲ, ಬರೆದವರು ಗಂಡಸರು), ಪದೇ ಪದೇ ಬಂದು ಬೇಸರ ತರಿಸುವ ನೆರೆಯವ. 31 ಅಧ್ಯಾಯಗಳ ಈ ಪುಸ್ತಕವನ್ನು ಸೊಲೊಮೋನ ರಾಜನ ಹೆಸರಿನಲ್ಲಿ ಹೇಳುತ್ತಾರಾದರೂ ಎಲ್ಲವೂ ಅವನದಲ್ಲ ಎಂದು ಪುಸ್ತಕವೇ ಒಪ್ಪುತ್ತದೆ. ಒಂದಷ್ಟನ್ನು ಹಿಜ್ಕೀಯ ರಾಜನ ಕಡೆಯವರು ನಕಲು ಮಾಡಿ ಸೇರಿಸಿದ್ದು, ಒಂದು ಅಧ್ಯಾಯ ಆಗೂರನೆಂಬವನದು, ಕೊನೆಯದು ಲೆಮೂವೇಲನೆಂಬ ರಾಜನ ತಾಯಿ ಹೇಳಿದ್ದು. ಪವಾಡ ಒಂದೂ ಇಲ್ಲ. ಎತ್ತಿಕೊಂಡು ಹೋಗಿ ಚಿಕ್ಕೋಡಿಯ ಗುರುವಾರದ ಸಂತೆಯ ಗದ್ದಲದಲ್ಲಿಟ್ಟರೂ ಪರಊರಿನದು ಎಂದು ಗೊತ್ತಾಗುವಂತಿಲ್ಲ.

ಒಂದು ಉದಾಹರಣೆ. ಕೊಳ್ಳುವವನು ‘ಚೆನ್ನಾಗಿಲ್ಲ, ಚೆನ್ನಾಗಿಲ್ಲ’ ಎನ್ನುತ್ತಲೇ ಕೊಂಡು ಹೋಗಿ, ಆಮೇಲೆ ತನ್ನ ವ್ಯಾಪಾರದ ಬಗ್ಗೆ ಜಂಬ ಕೊಚ್ಚುತ್ತಾನೆ ಎಂಬರ್ಥದ ಮಾತು ಅದರಲ್ಲಿದೆ. ಬೈದದ್ದೂ ಇಲ್ಲ, ನೀತಿ ಹೇಳಿದ್ದೂ ಇಲ್ಲ; ನೋಡಿದ್ದನ್ನು ಹೇಳಿ ಸುಮ್ಮನಾಗುತ್ತದೆ. ಇದನ್ನು ಓದಿದಾಗ ಮೊಳಕಾಲು ಗಟ್ಟಿಯಿದ್ದ ಕಾಲದ ನಮ್ಮ ಕಾಕಾ ಕಣ್ಣ ಮುಂದೆ ಬಂದ. ದನದ ಪೇಟೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ಮುಖ ಸಿಂಡರಿಸುವುದು, ಗೊರಸು ಎತ್ತಿ “ಇದೇನ್ರಿ ಇದು” ಎನ್ನುವುದು, ಬಾಲ ಎಳೆದು ತಲೆ ಅಲ್ಲಾಡಿಸುವುದು, ಹತ್ತು ಹೆಜ್ಜೆ ಹೊರಟಂತೆ ಮಾಡಿ ದಲಾಲಿ ಕರೆಯಲೆಂದೇ ನಿಧಾನಕ್ಕೆ ನಡೆಯುವುದು. ಕಡೆಗೆ ಇಬ್ಬರೂ ಟವೆಲ್ಲಿನ ಅಡಿಯಲ್ಲಿ ಕೈ ಹಿಡಿದು, ಬೆರಳು ಒತ್ತಿ, ಬಾಯಿ ಬಿಡದೆ ದರ ಕುದುರಿಸುವರು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಮಿಸುಕಾಟ, ದಲಾಲಿಯ ಹುಬ್ಬು. ಎತ್ತನ್ನು ಟೆಂಪೋಕ್ಕೆ ಹತ್ತಿಸಿದ ಗಳಿಗೆಯಿಂದ ಕಾಕಾನ ರಾಗ ಬದಲು: “ಇಂಥಾ ಎತ್ತ ಪಂಚಕ್ರೋಶಿಯೊಳಗ ಇಲ್ಲ ತಮ್ಮಾ, ಮಾರಿದಾಂವ ಹುಚ್ಚ.” ಎತ್ತು ಎರಡೂ ಅಭಿಪ್ರಾಯ ಕೇಳಿಸಿಕೊಂಡು ಮೆಲುಕು ಹಾಕುತ್ತಿತ್ತು.

ಆ ಟವೆಲ್ಲನ್ನು ನೆನೆದಾಗಲೆಲ್ಲ ನನಗೆ ಒಂದು ವಿಷಯ ಹೊಳೆಯುತ್ತದೆ. ದನದ ಪೇಟೆಯ ಮಂದಿ ಹೆದರುವುದು ಬಾಯಿಗಲ್ಲ, ಕಿವಿಗೆ. ಅದನ್ನು ಮುಚ್ಚಲಿಕ್ಕೇ ಟವೆಲ್. ಜ್ಞಾನೋಕ್ತಿ ಬರೆದವರಿಗೂ ಈ ಸೂಕ್ಷ್ಮ ಗೊತ್ತಿತ್ತು. ನಾಲಿಗೆ ಬಿಗಿಹಿಡಿ ಎಂದು ಹೇಳದ ಸಂತರು ಯಾವ ಧರ್ಮದಲ್ಲೂ ಇಲ್ಲ. ಈ ಪುಸ್ತಕವೂ ಹೇಳುತ್ತದೆ, ಬೇಕಾದಷ್ಟು ಸಲ ಹೇಳುತ್ತದೆ, ಸಾವು ಬದುಕು ಎರಡೂ ನಾಲಿಗೆಯ ಕೈಯಲ್ಲಿವೆ ಎನ್ನುವವರೆಗೂ ಹೋಗುತ್ತದೆ. ಆದರೆ ಅದು ನನ್ನನ್ನು ಹಿಡಿದು ಕೂಡಿಸಿದ್ದು ಇನ್ನೊಂದು ಕಡೆ. ಚಾಡಿಕೋರನ ಮಾತು ರುಚಿಯಾದ ತುತ್ತು, ಹೊಟ್ಟೆಯ ಆಳಕ್ಕೆ ಇಳಿಯುತ್ತದೆ ಎನ್ನುತ್ತದೆ ಅದು. ಯಾರ ಹೊಟ್ಟೆ? ಹೇಳಿದವನದಲ್ಲ, ಕೇಳಿದವನದು. ಅಡುಗೆ ಮಾಡಿದವನನ್ನು ನಾವೆಲ್ಲ ಬೈಯುತ್ತೇವೆ. ಎರಡನೇ ಸಲ ಬಡಿಸಿಕೊಂಡವರ ಲೆಕ್ಕ ಇಟ್ಟದ್ದು ಈ ಪುಸ್ತಕ. ಕೆಟ್ಟವನು ಕೆಟ್ಟ ಮಾತಿಗೆ ಕಿವಿಗೊಡುತ್ತಾನೆ ಎಂದು ಒಂದು ಕಡೆ; ಸುಳ್ಳಿಗೆ ಕಿವಿಗೊಡುವ ದೊರೆಯ ಕೈಕೆಳಗಿನವರೆಲ್ಲ ದುಷ್ಟರೇ ಆಗುತ್ತಾರೆ ಎಂದು ಇನ್ನೊಂದು ಕಡೆ. ಇದನ್ನು ಅರ್ಥ ಮಾಡಿಕೊಳ್ಳಲು ದೊರೆಯವರೆಗೆ ಹೋಗಬೇಕಿಲ್ಲ. ಹಿತ್ತಾಳೆ ಕಿವಿಯ ಸಾಹೇಬರೊಬ್ಬರು ಬಂದರೆ ಆರು ತಿಂಗಳಲ್ಲಿ ಆ ಕಚೇರಿಯ ಜವಾನನಿಂದ ಹಿಡಿದು ಸಿರಸ್ತೇದಾರರವರೆಗೆ ಎಲ್ಲರೂ ಒಬ್ಬರ ಬಗ್ಗೆ ಒಬ್ಬರು ಸುದ್ದಿ ಹೊತ್ತು ಓಡಾಡುವುದನ್ನು ಯಾವ ತಾಲೂಕಿನವರಾದರೂ ಕಂಡಿರುತ್ತಾರೆ.

ನಮ್ಮ ಓಣಿಯಲ್ಲಿ ಒಬ್ಬ ವೈನಿ ಇದ್ದರು. ಈ ಪುಸ್ತಕ ಅವರು ಓದಿರಲಿಲ್ಲ, ಯಾವ ಪುಸ್ತಕವನ್ನೂ ಓದಿರಲಿಲ್ಲ. ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತ ಗುಂಪಿನಲ್ಲಿ ಯಾರಾದರೂ ದನಿ ಇಳಿಸಿ, “ವೈನೀ, ಆ ಮೂಲಿ ಮನಿ ಸೊಸಿದು ಗೊತ್ತಾತೇನ್ರಿ?” ಎಂದರೆ ವೈನಿ ಕೈಯ ಮೊರ ಕೆಳಗಿಟ್ಟು, “ತಡೀರಿ, ಆಕಿನ್ನ ಕರೀತೀನಿ. ನೀವು ಒಂದ ಹೇಳಿ ನಾ ಒಂದ ತಿಳಕೊಂಡು ಗೋಂದಲ ಬ್ಯಾಡ, ಆಕಿ ಮುಂದನ ಹೇಳ್ರಿ” ಎಂದು ನಿಜವಾಗಿಯೂ ಎದ್ದು ಬಾಗಿಲಿಗೆ ಹೋಗಿ ಕೂಗು ಹಾಕುವರು. ಹೇಳಲು ಬಂದವರಿಗೆ ಆ ಕ್ಷಣಕ್ಕೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಕಟ್ಟಿಗೆ ಇಲ್ಲದೆ ಬೆಂಕಿ ಆರುವಂತೆ ಚಾಡಿಕೋರ ಇಲ್ಲದೆ ಜಗಳ ಆರುತ್ತದೆ ಎನ್ನುತ್ತದೆ ಜ್ಞಾನೋಕ್ತಿ. ವೈನಿಯ ಮುಂದೆ ಚಾಡಿಕೋರರೂ ಇರುತ್ತಿದ್ದರು, ಸುದ್ದಿಯೂ ಇರುತ್ತಿತ್ತು. ತಿನ್ನುವವರು ಮಾತ್ರ ಸಿಗುತ್ತಿರಲಿಲ್ಲ. ಇದರಿಂದ ಅವರ ಶೇಂಗಾ ಬೇಗ ಸುಲಿದು ಮುಗಿಯುತ್ತಿತ್ತು, ಗೆಳತಿಯರು ಮಾತ್ರ ಕಡಿಮೆಯಾದರು. ಈ ಖರ್ಚನ್ನು ಪುಸ್ತಕ ಹೇಳಿಲ್ಲ.

ಆಡಿದ ಮಾತು ಆಡಿದವನನ್ನೇ ಕಟ್ಟಿಹಾಕುವ ಬಗೆಯೂ ಒಂದಿದೆ, ಅದು ಜಾಮೀನು. ಚಿಕ್ಕೋಡಿ, ಯಕ್ಸಂಬಾ, ನಿಪ್ಪಾಣಿ ಸಹಕಾರಿ ಸೊಸೈಟಿಗಳ ತವರು. ಪಿಗ್ಮಿ ಹುಡುಗ ಬಾರದ ಅಂಗಡಿ ಇಲ್ಲ, ಜಾಮೀನು ನಿಲ್ಲದ ಮಾವ ಇಲ್ಲ. “ಬರೇ ಒಂದು ಸಹಿ ಮಾಮಾ, ನಿಮಗೇನೂ ಆಗೂದಿಲ್ಲ” ಎಂಬ ಮಾತಿಗೆ ಮರುಳಾಗಿ, ಎರಡು ವರ್ಷದ ಮೇಲೆ ಸೊಸೈಟಿಯ ನೋಟೀಸು ಹಿಡಿದು ಅಳಿಯನ ಮನೆ ಬಾಗಿಲಿಗೆ ನಿಂತವರನ್ನು ನಾವೆಲ್ಲ ಬಲ್ಲೆವು. ಜ್ಞಾನೋಕ್ತಿಗೆ ಈ ವಿಷಯದಲ್ಲಿ ದಾಕ್ಷಿಣ್ಯವೇ ಇಲ್ಲ. ನೆರೆಯವನಿಗೆ ಹೊಣೆ ನಿಂತೆಯಾ, ನಿನ್ನ ಬಾಯ ಮಾತಿಗೆ ನೀನೇ ಸಿಕ್ಕಿಬಿದ್ದೆ. ನಿದ್ದೆ ಮಾಡಬೇಡ, ಈಗಲೇ ಹೋಗಿ ಕಾಲಿಗೆ ಬಿದ್ದು, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ ಎಂಬುದು ಅದರ ಸಲಹೆ. ಇಲ್ಲಿ ನನಗೆ ಪುಸ್ತಕ ಸ್ವಲ್ಪ ಜಿಪುಣ ಎನ್ನಿಸಿತು. ಜಾಮೀನು ನಿಲ್ಲುವವರೇ ಇಲ್ಲದಿದ್ದರೆ ನಮ್ಮ ಕಡೆ ಎಷ್ಟು ಎಮ್ಮೆ ಕೊಟ್ಟಿಗೆಗೆ ಬರುತ್ತಿದ್ದವು, ಎಷ್ಟು ಬೋರು ಕೊರೆಯುತ್ತಿದ್ದರು? ಇದೇ ತಕರಾರು ಆ ಪುಸ್ತಕದವರ ಮನೆಯಲ್ಲೂ ಎದ್ದಿದ್ದಂತೆ ಕಾಣುತ್ತದೆ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಜೆರುಸಲೇಮಿನ ಬೆನ್ ಸಿರಾ ಎಂಬ ಉಪಾಧ್ಯಾಯ ಒಂದು ಪುಸ್ತಕ ಬರೆದ. ಕೆಥೋಲಿಕರ ಬೈಬಲಿನಲ್ಲಿ ಅದು ಸಿರಾಖ ಎಂಬ ಹೆಸರಿನಲ್ಲಿದೆ. ಒಳ್ಳೆಯವನು ನೆರೆಯವನಿಗೆ ಜಾಮೀನು ನಿಲ್ಲುತ್ತಾನೆ, ಆದರೆ ತನ್ನ ತಾಕತ್ತು ನೋಡಿಕೊಂಡು ನಿಲ್ಲಲಿ ಎಂಬುದು ಅವನ ತೀರ್ಮಾನ. ಈ ಮೇಷ್ಟ್ರು ಯಾವುದೋ ಸೊಸೈಟಿಯ ಸಂಚಾಲಕರಾಗಲು ಯೋಗ್ಯರಿದ್ದರು.

ಕೊಡುತ್ತೇನೆಂದು ಡಂಗುರ ಹೊಡೆದು ಕೊಡದವನು ಮಳೆಯಿಲ್ಲದ ಮೋಡ, ಬರೀ ಗಾಳಿ ಎಂಬ ಮಾತೂ ಜ್ಞಾನೋಕ್ತಿಯಲ್ಲಿದೆ. ಮೋಡ ನೋಡಿ ಮೋಸ ಹೋಗುವುದನ್ನು ಅಥಣಿಯವರಿಗೆ ಯಾರೂ ಕಲಿಸಬೇಕಿಲ್ಲ. ಚಿಕ್ಕೋಡಿಯವರಿಗೆ ಮಾತ್ರ ಇದು ಹವಾಮಾನದ ಸಂಗತಿಯಲ್ಲ. ಚಿಕ್ಕೋಡಿಯನ್ನು ಜಿಲ್ಲೆ ಮಾಡುತ್ತೇವೆ ಎಂಬ ಮಾತನ್ನು ಕೇಳುತ್ತ ಕೂದಲು ಹಣ್ಣಾದವರಿದ್ದಾರೆ. ನಿಪ್ಪಾಣಿ, ಕಾಗವಾಡಗಳು ತಾಲೂಕಾದವು, ಅಷ್ಟು ಹನಿ ಬಿದ್ದದ್ದು ನಿಜ. ಜಿಲ್ಲೆ ಮಾತ್ರ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿದೆ. ವರ್ಷಕ್ಕೊಮ್ಮೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪೇಪರಿನ ಪಟ್ಟಿಯಲ್ಲಿ ‘ಚಿಕ್ಕೋಡಿ’ ಜಿಲ್ಲೆಯಾಗಿ ನಿಂತಿರುತ್ತದೆ. ಮರುದಿನ ಕೆಲಸಕ್ಕೆ ಬೆಳಗಾವಿಯ ಬಸ್ಸು ಹಿಡಿಯಬೇಕು.

ಮುಂಜಾನೆ ಎದ್ದು ಗಟ್ಟಿಯಾಗಿ ಕೂಗಿ ನೆರೆಯವನನ್ನು ಹರಸಿದರೆ ಅದು ಶಾಪಕ್ಕೆ ಸಮ ಎಂಬ ಮಾತನ್ನು ಓದಿದಾಗ ಈ ಮಂದಿ ಧ್ವನಿವರ್ಧಕ ಕಂಡಿದ್ದರೇ ಎಂದು ಬೆರಗಾದೆ. ಎಲ್ಲ ಧರ್ಮದ ಗೋಪುರಗಳಿಗೂ ಅನ್ವಯಿಸುವ ವಾಕ್ಯವಾದ್ದರಿಂದ ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳಿಗ್ಗೆ ಐದಕ್ಕೆ ಹೂವಿನ ಚಿತ್ರದ ಜೊತೆ ‘ಶುಭೋದಯ’ ಕಳಿಸುವ ನಿವೃತ್ತ ಮಿತ್ರರು ಬೇಕಾದರೆ ಓದಿಕೊಳ್ಳಲಿ.

ನ್ಯಾಯ ಹೇಳುವವರಿಗೆ ಅದರಲ್ಲಿ ಒಂದು ಒಳ್ಳೆಯ ಎಚ್ಚರಿಕೆ ಇದೆ: ಮೊದಲು ಮಾತಾಡಿದವನದೇ ಸರಿ ಎನಿಸುತ್ತದೆ, ಎದುರಿನವ ಬಂದು ಪ್ರಶ್ನೆ ಕೇಳುವ ತನಕ. ಚಿಕ್ಕೋಡಿಯ ಕೋರ್ಟಿನ ಹೊರಗೆ ಚಾ ಕುಡಿಯುತ್ತ ನಿಂತವರಿಗೆ ಇದು ದಿನಾ ಕಾಣುವ ಸಂಗತಿ. ವಾದಿ ಹೇಳುವಾಗ ಕಣ್ಣಲ್ಲಿ ನೀರು ಬರುತ್ತದೆ, ಪ್ರತಿವಾದಿ ಹೇಳುವಾಗಲೂ ಬರುತ್ತದೆ, ಎರಡೂ ನೀರು ನಮ್ಮವೇ. ಕರ್ನಾಟಕ–ಮಹಾರಾಷ್ಟ್ರ ಗಡಿಯ ತಕರಾರಿನಲ್ಲಿ ಇದು ಇನ್ನೂ ಸ್ಪಷ್ಟ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಹಿಡಿದು, 1967ರ ಮಹಾಜನ ವರದಿ ದಾಟಿ, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಜಗಳ ಅದು. ನಿಪ್ಪಾಣಿಯ ಒಂದು ಹೋಟೆಲಿನಲ್ಲಿ ಮಿಸಳ ತಿನ್ನುತ್ತ ಅದರ ಕಥೆ ಕೇಳಿದರೆ ಅಯ್ಯೋ ಪಾಪ, ಅನ್ಯಾಯ ಎನಿಸುತ್ತದೆ. ಕಾಗವಾಡದಲ್ಲಿ ಚುನಮರಿ ತಿನ್ನುತ್ತ ಕೇಳಿದರೂ ಹಾಗೇ ಎನಿಸುತ್ತದೆ, ಅನ್ಯಾಯ ಮಾತ್ರ ಮಗ್ಗಲು ಬದಲಿಸಿರುತ್ತದೆ. ಆದರೆ ಎರಡೂ ಹೋಟೆಲಿನವರು ಸೊಸೆಯನ್ನು ತಂದದ್ದು ಆಚೆ ಕಡೆಯಿಂದ. ಮನೆಯಲ್ಲಿ ಎದುರಿನವರ ಮಾತು ಕೇಳದೆ ಅವರಿಗೆ ರೊಟ್ಟಿ ಹುಟ್ಟುವುದಿಲ್ಲ. ಹೀಗಾಗಿ ಭಾಷಣ ಎಷ್ಟೇ ಏರಿದರೂ ಮದುವೆಯ ಸೀಸನ್ನಿಗೆ ಇಳಿಯುತ್ತದೆ.

ಇಷ್ಟೆಲ್ಲ ಹೇಳಿದ ಸೊಲೊಮೋನನ ಬಗ್ಗೆ ಬೈಬಲಿನ ಬೇರೊಂದು ಕಡೆ ಎರಡು ಕಥೆಗಳಿವೆ. ಮೂರು ಸಾವಿರ ಗಾದೆ ಆಡಿದನೆಂದು ಹೆಸರಾದ ಈತ ಪಟ್ಟಕ್ಕೆ ಬಂದ ಹೊಸತರಲ್ಲಿ ದೇವರು ಕನಸಿನಲ್ಲಿ ಬಂದು ಏನು ಬೇಕೆಂದಾಗ ಮಾತಿನ ಶಕ್ತಿ ಬೇಡಲಿಲ್ಲ; ಕೇಳಿಸಿಕೊಳ್ಳುವ ಹೃದಯ ಕೊಡು ಎಂದ. ಅದು ಮೊದಲ ಕಥೆ. ಎರಡನೆಯದು ಅವನ ಮಗ ರೆಹಬ್ಬಾಮನದು. ಅಪ್ಪ ತೀರಿಕೊಂಡ ಮೇಲೆ ಜನ ಬಂದು, ನಿಮ್ಮಪ್ಪ ನಮ್ಮ ಮೇಲೆ ಭಾರ ಹೇರಿದ್ದ, ಸ್ವಲ್ಪ ಇಳಿಸು ಎಂದು ಬೇಡಿದರು. ಹಿರಿಯರು ಮೆತ್ತಗೆ ಉತ್ತರ ಕೊಡು ಎಂದರು. ಜೊತೆಗೆ ಬೆಳೆದ ಹುಡುಗರು ಹುರಿದುಂಬಿಸಿದರು. ಅವನು ಗೆಳೆಯರ ಮಾತು ಕಟ್ಟಿಕೊಂಡು, ಅಪ್ಪ ಬಾರುಕೋಲಿನಿಂದ ಹೊಡೆದಿದ್ದರೆ ನಾನು ಚೇಳಿನಿಂದ ಹೊಡೆಯುತ್ತೇನೆ ಎಂಬರ್ಥದಲ್ಲಿ ಗದರಿದ. ಹತ್ತು ಕುಲದವರು ಅಲ್ಲೇ ಎದ್ದು ಹೋದರು, ರಾಜ್ಯ ಎರಡಾಯಿತು, ನಡುವೆ ಒಂದು ಗಡಿ ಬಿತ್ತು. ಮೃದುವಾದ ಉತ್ತರ ಸಿಟ್ಟನ್ನು ಇಳಿಸುತ್ತದೆ ಎಂದು ಊರಿಗೆಲ್ಲ ಹೇಳಿದವನ ಮನೆಯಲ್ಲಿ ಹೀಗಾಯಿತು. ಮೇಷ್ಟ್ರ ಮಕ್ಕಳು ನಪಾಸಾಗುವುದು ಬಹಳ ಹಳೆಯ ಸಂಪ್ರದಾಯ.

ಕೇಳು, ತಡೆ, ತೂಗು ಎನ್ನುತ್ತಲೇ ಬಂದ ಪುಸ್ತಕ ಕೊನೆಯ ಅಧ್ಯಾಯದಲ್ಲಿ ತಟ್ಟನೆ ಹೊರಳುತ್ತದೆ. ಅಲ್ಲಿ ಮಾತಾಡುವುದು ಲೆಮೂವೇಲನ ತಾಯಿ. ಹೆಂಡ ಹೆಣ್ಣಿನ ವಿಷಯದಲ್ಲಿ ಮಗನಿಗೆ ಚೆನ್ನಾಗಿ ಝಾಡಿಸಿ, ಬಾಯಿ ಇಲ್ಲದವರ ಪರವಾಗಿ ನೀನು ಬಾಯಿ ತೆರೆ, ಬಡವರಿಗೆ ನ್ಯಾಯ ದೊರಕಿಸು ಎನ್ನುತ್ತಾಳೆ. ಅಲ್ಲಿಗೆ ಬಂದಾಗ ನನಗೆ ನಿಪ್ಪಾಣಿಯ ತಂಬಾಕಿನ ವಖಾರಿಗಳು ನೆನಪಾದವು. ಹೊರಗೆ ನಿಂತರೇ ಘಾಟಿಗೆ ಸೀನು ಬರುತ್ತದೆ. ಒಳಗೆ ಹೆಂಗಸರು ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ದಿನವಿಡೀ ತಂಬಾಕು ಕುಟ್ಟಿ, ಸೋಸಿ, ಹಸನು ಮಾಡುವರು. ಧೂಳಿನ ಭಯಕ್ಕೆ ಬಾಯಿ ಕಟ್ಟಿಕೊಂಡವರು ಮಾಲಕರ ಭಯಕ್ಕೂ ಕಟ್ಟಿಕೊಂಡೇ ಇದ್ದರು. 1981ರಲ್ಲಿ ತಂಬಾಕಿನ ದರಕ್ಕಾಗಿ ರೈತರು ಮುಖಂಡ ಶರದ ಜೋಶಿಯವರ ಜೊತೆ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಠಿಕಾಣಿ ಹೂಡಿದ್ದು, ಗೋಲಿಬಾರಿನಲ್ಲಿ ಜೀವ ಹೋದದ್ದು ಊರಿಗೆಲ್ಲ ಗೊತ್ತು. ಆದರೆ ವಖಾರಿಯ ಹೆಂಗಸರು ಅದೇ ಕಾಲಕ್ಕೆ ಚಿಕ್ಕೋಡಿ ತಾಲೂಕು ಕಾಮಗಾರ ಮಹಾಸಂಘದಲ್ಲಿ ಕೂಡಿ ಕೂಲಿಗಾಗಿ, ಮರ್ಯಾದೆಗಾಗಿ ದನಿ ಎತ್ತಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಅವರ ಮಾತನ್ನು ಕೂತು ಕೇಳಿ ಛಾಯಾ ದಾತಾರ್ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದು 1989ರಲ್ಲಿ ಹೊರಬಂತು. ಸೆರಗು ಬಿಚ್ಚಿ ಮಾತಾಡಿದ ಆ ಹೆಂಗಸರ ದನಿ ಕರಾರುವಾಕ್ಕಾಗಿತ್ತು, ಮೆತ್ತಗಿರಲಿಲ್ಲ. ಮೃದು ಉತ್ತರದ ಪಾಠವನ್ನು ವಖಾರಿಯ ಮಾಲಕರಿಗೆ ಬಿಟ್ಟು, ಲೆಮೂವೇಲನ ಅವ್ವನ ಅಧ್ಯಾಯವನ್ನು ಇವರು ತೆಗೆದುಕೊಂಡರು ಎಂದು ನಾನು ಲೆಕ್ಕ ಹಾಕಿದ್ದೇನೆ.

ಈ ಲೆಮೂವೇಲ ಯಾವ ನಾಡಿನ ರಾಜ ಎಂದು ಪಂಡಿತರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಅವನ ತಾಯಿಯ ಹೆಸರನ್ನಂತೂ ಯಾರೂ ಬರೆದಿಡಲಿಲ್ಲ. ಹೇಳಬೇಕಾದ್ದನ್ನು ಹೇಳಿ ಆಕೆ ಮುಗಿಸಿದ ಮೇಲೆ ಅಧ್ಯಾಯ ನೇರವಾಗಿ ಒಳ್ಳೆಯ ಸೊಸೆ ಎಂಥವಳಿರಬೇಕೆಂಬ ವರ್ಣನೆಗೆ ಇಳಿದುಬಿಡುತ್ತದೆ. ಮಗರಾಯ ಅವ್ವನ ಮಾತು ಕೇಳಿದನೋ ಇಲ್ಲವೋ, ಒಂದಕ್ಷರ ಇಲ್ಲ.